ಹಿತ್ತಲ ಚಾಪೆ, ಹಾಲಿನ ಬೇರು

"ಈ ಬೇರು ನಾನು ತಗೊಳ್ಳಲ್ಲ! ಮೂಟೆ ಕಟ್ಟಿ, ವಾಪಸ್ ತಗೊಂಡು ಹೋಗಿ!"

ಪಂಕಜಳ ದನಿ ಬೊಮ್ಮಸಂದ್ರದ ಆ ಆಯುರ್ವೇದ ಔಷಧಿ ಕಾರ್ಖಾನೆಯ ಅಂಗಳವನ್ನೆಲ್ಲ ತುಂಬಿತು. ಬೇರು ಆರಿಸುತ್ತಾ ಕೂತಿದ್ದ ಹೆಂಗಸರು ಕೈ ನಿಲ್ಲಿಸಿ ತಲೆ ಎತ್ತಿದರು.

ಎದುರಿಗೆ ನಿಂತಿದ್ದವನು ಐವತ್ತರ ಆಸುಪಾಸಿನ ಗಂಡಸು. ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್ಲು. ಹೆಸರು ಶ್ಯಾಮಣ್ಣ. ಆನೇಕಲ್ ಕಡೆಯ ರೈತ. ಮೆಟಡೋರ್ ವ್ಯಾನಿನ ತುಂಬಾ ಶತಾವರಿ ಬೇರು ಹೇರಿಕೊಂಡು ಮೊದಲ ಸಲ ಈ ಕಾರ್ಖಾನೆಗೆ ಬಂದಿದ್ದ.

"ಯಾಕ್ ಮೇಡಂ? ಬೇರು ಚೆನ್ನಾಗೈತಲ್ಲಾ?"

"ಚೆನ್ನಾಗಿದೆಯಾ? ಅರ್ಧ ಮಣ್ಣು, ಅರ್ಧ ನೀರು! ಸಿಪ್ಪೆ ಸುಲಿದಿಲ್ಲ, ನಾರು ತೆಗೆದಿಲ್ಲ. ಒಳಗೆ ಬಿಟ್ರೆ ನಾಳೆ ಬೂಷ್ಟು ಹಿಡಿಯುತ್ತೆ. ಆಮೇಲೆ ಬೈಸ್ಕೊಳ್ಳೋದು ನೀವಲ್ಲ, ನಾನು!"

"ನಿನ್ನೆ ಅಗೆದಿದ್ದು ಮೇಡಂ. ನೀರು ಇರ್ದೆ ಇನ್ನೇನಿರ್ತದೆ..."

ಪಂಕಜಾ ಇನ್ನೊಂದು ಮಾತು ಆಡಬೇಕೆನ್ನುವಷ್ಟರಲ್ಲಿ ಅದು ಬಂತು! ಹೊಟ್ಟೆಯೊಳಗೆ ಯಾರೋ ಸೌದೆ ಒಲೆ ಹೊತ್ತಿಸಿದ ಹಾಗೆ. ಎದೆ, ಕತ್ತು, ಕೆನ್ನೆ, ನೆತ್ತಿ... ಕ್ಷಣದಲ್ಲಿ ಮೈಯೆಲ್ಲ ಬೆಂಕಿ. ಕುಪ್ಪಸ ಬೆನ್ನಿಗೆ ಅಂಟಿಕೊಂಡಿತು.

'ಅಯ್ಯೋ, ಇಲ್ಲಿ ಬೇಡ... ಇವನ ಎದುರಿಗೆ ಬೇಡ...'

ಬೇಡ ಅಂದರೆ ಕೇಳುವಂಥದ್ದೇ ಅದು? ಪಂಕಜಾ ಹಿಂದೆ ಮುಂದೆ ನೋಡಲಿಲ್ಲ. ಪಕ್ಕದಲ್ಲಿದ್ದ ಕುಡಿಯುವ ನೀರಿನ ಕೊಡ ಎತ್ತಿ ತಲೆ ಮೇಲೆ ಸುರಿದುಕೊಂಡೇಬಿಟ್ಟಳು!

ಶ್ಯಾಮಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಮೇಡಂ... ನಾನು ಬೇರು ವಾಪಸ್ ತಗೊಂಡೋಗ್ತೀನಿ. ಇಷ್ಟೊಂದು ಕೋಪ ಮೈಗೆ ಒಳ್ಳೇದಲ್ಲ ಮೇಡಂ!"

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಲೋಡು ಇಳಿಸುವ ಗಂಡಸರು ನಗುವುದರ ಜೊತೆಗೆ ನೋಡಿದರು, ಒದ್ದೆ ಸೀರೆಯಲ್ಲಿ ನಿಂತಿದ್ದವಳನ್ನು ಕಣ್ಣು ಕೀಳದೆ ನೋಡಿದರು. ಶ್ಯಾಮಣ್ಣ ಒಬ್ಬ ಮಾತ್ರ ಹೆಗಲ ಟವೆಲ್ಲು ತೆಗೆದು ಅವಳತ್ತ ಚಾಚಿ, ಮುಖವನ್ನು ಮೆಟಡೋರ್ ಕಡೆಗೆ ತಿರುಗಿಸಿ ನಿಂತ.

ಆ ತಿರುಗಿಸಿದ ಮುಖವನ್ನು ಪಂಕಜಾ ಮರೆಯಲಿಲ್ಲ. ಟವೆಲ್ಲು ಕಿತ್ತುಕೊಂಡವಳ ಹಾಗೆ ತೆಗೆದುಕೊಂಡಳು, ಅದು ಬೇರೆ ಮಾತು.

*

ಪಂಕಜಾ ಯಾರು ಅಂತ ಹೇಳಿಬಿಡುತ್ತೇನೆ. ವಯಸ್ಸು ನಲವತ್ತೇಳು. ಸಿಂಗಸಂದ್ರದ ಗೋಪಾಲಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ, ಮಕ್ಕಳಿಲ್ಲ. ಅಣ್ಣನ ಮನೆಗೆ ವಾಪಸು ಬಂದವಳು ಮೂಲೆ ಹಿಡಿದು ಅಳುತ್ತಾ ಕೂರಲಿಲ್ಲ. ಹೊಸೂರು ರಸ್ತೆಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ತಲೆ ಎತ್ತಿದಾಗ ಊರಿನ ಗಂಡಸರಿಗಿಂತ ಮೊದಲು ಹೋಗಿ ಕೆಲಸ ಕೇಳಿದಳು. ಈಗ ಬೇರು ವಿಭಾಗಕ್ಕೆ ಅವಳೇ ಸೂಪರ್‌ವೈಸರ್. ಅವಳು ಹೂಂ ಅಂದರೆ ಮೂಟೆ ಒಳಗೆ, ಊಹೂಂ ಅಂದರೆ ರಸ್ತೆಗೆ.

ಅಂಥವಳ ಮಾತನ್ನು ಅವಳ ಮೈಯೇ ಕೇಳದ ಹಾಗಾಗಿತ್ತು. ಇದ್ದಕ್ಕಿದ್ದಂತೆ ಮೈ ಉರಿ, ಬೆವರು. ನಿದ್ದೆಯಿಲ್ಲ. ರೇಡಿಯೋದಲ್ಲಿ ವಾರ್ತೆ ಕೇಳುತ್ತಾ ಕೂತವಳ ಕಣ್ಣಲ್ಲಿ ನೀರು. ವಾರ್ತೆಗೆ ಯಾರಾದರೂ ಅಳುತ್ತಾರಾ?

ಆವತ್ತು ಊಟದ ಹೊತ್ತಿಗೆ ಭದ್ರಮ್ಮ ಪಕ್ಕದಲ್ಲಿ ಬಂದು ಕೂತಳು. ಬೇರು ಆರಿಸುವವರಲ್ಲೆಲ್ಲ ಹಿರಿಯಳು, ಬಾಯಲ್ಲಿ ಯಾವಾಗಲೂ ಎಲೆ-ಅಡಿಕೆ.

"ಯಾವಾಗಿಂದ ನಿಂತೈತಮ್ಮಿ?"

"ಏನು?"

"ನನ್ ತಾವ ನಾಟ್ಕ ಬ್ಯಾಡ. ನಾನೂ ದಾಟ್ಕಂಡ್ ಬಂದೋಳೇಯ."

ಪಂಕಜಾ ಸುತ್ತ ನೋಡಿ ದನಿ ತಗ್ಗಿಸಿದಳು. "ಯುಗಾದಿ ಆದಮೇಲೆ ಇಲ್ಲ. ಇ.ಎಸ್.ಐ. ಡಾಕ್ಟರಮ್ಮಂಗೆ ತೋರಿಸ್ದೆ. ಪರೀಕ್ಷೆ ಮಾಡಿದ್ರು. ಕಾಯಿಲೆ ಏನಿಲ್ಲ, ಮುಟ್ಟು ನಿಲ್ಲೋ ವಯಸ್ಸು, ಸ್ವಲ್ಪ ಕಾಲ ಹೀಗಿರುತ್ತೆ, ಧೈರ್ಯವಾಗಿರಿ ಅಂದ್ರು."

"ಧೈರ್ಯನ ಬಾಟ್ಲೀಲ್ ಕೊಟ್ರಾ?" ಭದ್ರಮ್ಮ ನಕ್ಕು ಬೇರಿನ ರಾಶಿಯ ಕಡೆಗೆ ಗಲ್ಲ ಎತ್ತಿದಳು. "ದಿನಾ ಕೈಯಾಗ್ ಹಿಡೀತೀಯಲ್ಲ, ಅದನ್ನ ಒಸಿ ಬಾಯಿಗೂ ಹಾಕ್ಕೊ."

"ಇದಾ? ಇದು ಬಸುರಿ-ಬಾಣಂತಿಯರ ಬೇರಲ್ವಾ? ಎದೆಹಾಲಿಗೆ ಅಂತ ತಾನೇ ಕೊಡೋದು?"

"ಹಾಲಿಗೂ ಆಯ್ತದೆ, ಮೈ ತಂಪಿಗೂ ಆಯ್ತದೆ. ನಮ್ಮವ್ವ ನಂಗೆ ಇದೇ ಕೊಟ್ಟಿದ್ದು. ಪುಡಿ ಮಾಡಿ ಹಾಲಲ್ಲಿ ಕುದಿಸ್ಕಂಡ್ ಕುಡಿ. ವಾಸಿಯಾದ್ರೆ ಬೇರಿನ ಪುಣ್ಯ. ಆಗ್ದಿದ್ರೆ ಹಾಲಾದ್ರೂ ಹೊಟ್ಟೆಗ್ ಬಿತ್ತಲ್ಲ!"

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ! ಇಷ್ಟು ವರ್ಷ ಮೂಟೆಗಟ್ಟಲೆ ಬೇರು ದಾಟಿಸಿದವಳು ಒಂದು ಚೂರನ್ನೂ ನಾಲಿಗೆಗೆ ಮುಟ್ಟಿಸಿರಲಿಲ್ಲ.

ಆದರೆ ಕಾರ್ಖಾನೆಯ ಮಾಲಿಗೆ ಕೈ ಹಾಕುವವಳಲ್ಲ ಪಂಕಜಾ. ಬೇರು ಬೇಕೆಂದರೆ ತಂದುಕೊಡುವವನನ್ನೇ ಕೇಳಬೇಕು...

ಮುಂದಿನ ಮಂಗಳವಾರ ಶ್ಯಾಮಣ್ಣ ಬಂದ. ಮೂಟೆ ಬಿಚ್ಚಿದರೆ ಬೆಳ್ಳಗೆ, ಗರಿಗರಿಯಾಗಿ ಒಣಗಿದ ಬೇರು.

"ಈ ಸಲ ನೀರು ಸುರ್ಕೊಳ್ಳಂಗಿಲ್ಲ ಮೇಡಂ. ಒಂದೊಂದೂ ಕೂತು ಸುಲ್ದಿದೀನಿ."

ಪಂಕಜಳಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಕೇಳುವುದು ಸುಲಭವಾಯಿತು.

"ಒಂದು ಹಿಡಿ ನನಗೆ ಬೇರೆ ಬೇಕಿತ್ತು. ಕಾರ್ಖಾನೆಗಲ್ಲ... ನಮ್ಮನೇಲಿ ಒಬ್ಬರಿಗೆ."

"ಬಸುರಿಗಾ ಮೇಡಂ, ಬಾಣಂತಿಗಾ?"

ಏನು ಹೇಳುವುದು? ನನಗೇ, ಮುಟ್ಟು ನಿಂತಿದೆ ಅನ್ನುವುದಾ? ಅಪರಿಚಿತ ಗಂಡಸಿನ ಮುಂದೆ!

"ಹೂಂ," ಅಂದಳು. ಯಾವುದಕ್ಕೆ ಹೂಂ ಅನ್ನುವುದನ್ನು ಅವನಿಗೇ ಬಿಟ್ಟಳು. ಆ ಒಂದು ಹೂಂ ಮುಂದೆ ಎಂಥ ಫಜೀತಿ ತಂದಿತು ನೋಡಿ.

*

ಅಲ್ಲಿಂದ ಮಂಗಳವಾರ ತಪ್ಪಲಿಲ್ಲ. ಮುತ್ತುಗದ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ಬೇರು, ಕ್ಯಾಂಟೀನಿನ ಚಹಾ, ಅಂಗಳದ ಹುಣಸೆ ಮರದ ಕೆಳಗೆ ನಾಲ್ಕು ಮಾತು.

ಶ್ಯಾಮಣ್ಣನ ಹೆಂಡತಿ ಕಾಮಾಲೆಯಾಗಿ ಹೋಗಿ ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಮಾಲೂರಿಗೆ ಕೊಟ್ಟಿದ್ದ.

"ನಮ್ಮೋಳು ಬಾಣಂತಿ ಆಗಿದ್ದಾಗ ಈ ಬೇರು ನಾನೇ ಸುಲ್ದು ಹಾಲಲ್ಲಿ ಕುದಿಸಿ ಕೊಡ್ತಿದ್ದೆ ಮೇಡಂ."

"ಗಂಡಸರು ಆ ಕೆಲಸ ಮಾಡ್ತಾರಾ?"

"ಮಾಡ್ಬಾರ್ದು ಅಂತ ಎಲ್ಲಿ ಬರ್ದೈತೆ?"

ಬಸ್ಸಿನಲ್ಲಿ ಸಿಂಗಸಂದ್ರದವರೆಗೂ ಪಂಕಜಾ ಆ ಮಾತನ್ನೇ ಮೆಲುಕು ಹಾಕಿದಳು. ಮಂಗಳವಾರ ಬೆಳಿಗ್ಗೆ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲತೊಡಗಿದಳು. 'ಏನಿದು ಈ ವಯಸ್ಸಿನಲ್ಲಿ...' ಅಂತ ತನ್ನನ್ನು ತಾನೇ ಗದರಿಕೊಂಡಳು. ಗದರಿಕೊಂಡೇ ಕನಕಾಂಬರ ಮುಡಿದಳು.

ಬೇರು ಕುಡಿದ ಮಾರನೇ ದಿನಕ್ಕೇ ಎಲ್ಲ ಮಾಯ ಅಂತ ಬರೆದರೆ ನೀವು ನಂಬಬೇಡಿ. ಉರಿ ಬರುತ್ತಲೇ ಇತ್ತು. ಆದರೆ ಸ್ವಲ್ಪ ಮೆತ್ತಗೆ ಬಂದು ಬೇಗ ಹೋಗುತ್ತಿತ್ತು, ಅಪರೂಪಕ್ಕೊಮ್ಮೆ ಕಣ್ತುಂಬಾ ನಿದ್ದೆ. ಅದು ಬೇರಿನ ಗುಣವೋ, ಅದನ್ನು ಸುಲಿದ ಕೈಯ ಗುಣವೋ, ಪಂಕಜಳಿಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಅತ್ತಿಗೆ ನಾಗಲಕ್ಷ್ಮಮ್ಮನಿಗೆ. ಗೊತ್ತಾಗಿದ್ದು ತಪ್ಪಾಗಿ!

ಗೋಪಾಲಪ್ಪನ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ. ಹಿತ್ತಲ ಕೋಣೆ, ಬೇರೆ ಚಾಪೆ, ಬೇರೆ ಲೋಟ. ಕಾರ್ಖಾನೆಯಲ್ಲಿ ಊರಿಗೆಲ್ಲ ಔಷಧಿಯಾಗುವ ಬೇರು ಮುಟ್ಟಿ ಬಂದ ಪಂಕಜಳೂ ಮನೆಗೆ ಬಂದಮೇಲೆ ಅಡುಗೆಮನೆ ಮುಟ್ಟುವಂತಿರಲಿಲ್ಲ. ಹಿತ್ತಲಿನ ಎದುರಿಗೇ ಗೋಪಾಲಪ್ಪ ಕಾರ್ಖಾನೆಯವರಿಗೆ ಬಾಡಿಗೆಗೆ ಕಟ್ಟಿಸಿದ್ದ ವಠಾರ, ವಠಾರದ ನಲ್ಲಿ. ಯಾರ ಚಾಪೆ ಯಾವಾಗ ಬಿತ್ತು, ಯಾವಾಗ ಎದ್ದಿತು ಅನ್ನುವುದು ನೀರು ಹಿಡಿಯುವವರಿಗೆಲ್ಲ ಬಾಯಿಪಾಠ.

ಪಂಕಜಳ ಚಾಪೆ ಯುಗಾದಿಯಿಂದ ಬಿದ್ದಿರಲಿಲ್ಲ. ಅದರ ಮೇಲೆ ದಿನಾ ಸಂಜೆ ಒಲೆ ಮೇಲೆ ಬಸುರಿಯರ ಬೇರು! ಅತ್ತಿಗೆಯೂ ನಲ್ಲಿಯ ಹೆಂಗಸರೂ ಒಂದಕ್ಕೊಂದು ಕೂಡಿಸಿದರು. ಮುಂದಿನದ್ದು ಕೇಳಬೇಕೆ? ಗುಸುಗುಸು ನಲ್ಲಿಯಿಂದ ಹಾಲಿನ ಡೈರಿಗೆ, ಡೈರಿಯಿಂದ ಬಸ್ ಸ್ಟಾಪಿಗೆ, ಬಸ್ಸು ಹತ್ತಿ ಬೊಮ್ಮಸಂದ್ರದ ಗೇಟಿಗೂ ಬಂತು.

ಆ ಮಂಗಳವಾರ ಶ್ಯಾಮಣ್ಣ ಬರಲಿಲ್ಲ.

ಅದರ ಮುಂದಿನ ಮಂಗಳವಾರವೂ ಇಲ್ಲ!

'ಅವರ ಕಿವಿಗೂ ಬಿದ್ದಿರಬೇಕು. ಬಿದ್ದು ದೂರ ಸರಿದಿರಬೇಕು... ಒಂದು ಮಾತು ಕೇಳಬಹುದಿತ್ತಲ್ಲ ನನ್ನ!' ಕನಕಾಂಬರವನ್ನು ತೆಗೆದು ಕಿಟಕಿಯಾಚೆ ಎಸೆದಳು ಪಂಕಜಾ. ಕಣ್ಣು ಒದ್ದೆಯಾಗಿತ್ತು. ಈ ಸಲ ವಾರ್ತೆ ಓದುವವನ ತಪ್ಪಿರಲಿಲ್ಲ.

*

ಭಾನುವಾರ ಊಟವಾದ ಮೇಲೆ ಗೋಪಾಲಪ್ಪ ಗಂಟಲು ಸರಿ ಮಾಡಿಕೊಂಡ.

"ಅಮ್ಮಿ, ಊರು ಏನೇನೋ ಮಾತಾಡ್ತೈತೆ."

"ಏನಂತೆ?"

ಅವನಿಗೆ ಬಾಯಿ ಬರಲಿಲ್ಲ. ನಾಗಲಕ್ಷ್ಮಮ್ಮನಿಗೆ ಬಂತು.

"ನಿನ್ ಚಾಪೆ ಬಿದ್ದು ಎಷ್ಟ್ ತಿಂಗ್ಳಾಯ್ತು? ಮೇಲಿಂದ ಬೇರು ಬ್ಯಾರೆ ಕುದುಸ್ಕಂಡ್ ಕುಡೀತೀಯ. ಸುಗುಣನ್ನ ಹೊತ್ತಾಗ ನಾನ್ ಕುಡ್ದಿಲ್ವಾ? ವಾಸ್ನೆ ಗೊತ್ತಾಗಲ್ವಾ ನಂಗೆ?"

ಪಂಕಜಾ ಮೊದಲು ನಕ್ಕಳು. ನಿಜವಾಗಿಯೂ ನಕ್ಕಳು! ಆಮೇಲೆ ಅಣ್ಣನ ಮುಖ ನೋಡಿದಳು. ಅಲ್ಲಿ ನಗು ಇರಲಿಲ್ಲ.

"ಬಸುರಿ ಅಂತಾನಾ? ಅಣ್ಣಾ, ನನಗೆ ಮುಟ್ಟು ನಿಂತಿದೆ. ಡಾಕ್ಟರು ಹೇಳಿದಾರೆ, ವಯಸ್ಸು. ಮೈ ಉರೀಗೆ ಆ ಬೇರು."

ಗೋಪಾಲಪ್ಪ ನಿಟ್ಟುಸಿರು ಬಿಟ್ಟ. ಅವನಿಗೆ ಸಮಾಧಾನವಾಗಿತ್ತು, ಆದರೆ ಅರ್ಧ ಮಾತ್ರ.

"ನಾನ್ ನಂಬ್ತೀನಿ ಕಣಮ್ಮಿ. ಊರು ನಂಬ್ಬೇಕಲ್ಲ? ಶುಕ್ರವಾರ ಬೊಮ್ಮನಹಳ್ಳಿಯೋರು ಸುಗುಣನ್ನ ನೋಡಕ್ ಬತ್ತಾವ್ರೆ. ನೀನೊಂದ್ ಕೆಲ್ಸ ಮಾಡು. ನಾಳೆಯಿಂದ ಮೂರ್ ದಿನ ಹಿತ್ತಲಾಗೆ ಚಾಪೆ ಹಾಕ್ಕಂಡ್ ಕೂತ್ಕೋ. ನಲ್ಲಿ ತಾವ ಬರೋರೆಲ್ಲ ನೋಡ್ತಾರೆ. ಊರ ಬಾಯಿ ತಾನಾಗೇ ಮುಚ್ಚೋಯ್ತದೆ."

"ಇಲ್ಲದ್ದನ್ನ ಇದೆ ಅಂತ ಕೂರ್ಬೇಕಾ?"

"ಯಾರ್ ಬಗ್ಗಿ ನೋಡ್ತಾರೆ?"

"ಅದರ ಬದಲು ನಿಂತಿದೆ ಅಂತ ನಿಜಾನೇ ಹೇಳಿದ್ರೆ?"

"ಅಯ್ಯಯ್ಯೋ!" ನಾಗಲಕ್ಷ್ಮಮ್ಮ ಕಿವಿ ಮುಚ್ಚಿಕೊಂಡಳು. "ಅದನ್ನ ಬಾಯ್ಬಿಟ್ಟು ಹೇಳ್ತಾರಾ ಯಾರಾರಾ? ಮುದುಕಿ ಆದೆ ಅಂತ ಡಂಗುರ ಹೊಡೀತಾರಾ? ನಾವೆಲ್ಲ ಸುಮ್ನೆ..." ಅಂದವಳು ಯಾಕೋ ಅಲ್ಲಿಗೇ ನಿಲ್ಲಿಸಿದಳು.

ಗೋಪಾಲಪ್ಪನ ದನಿ ಗಡುಸಾಯಿತು. "ಇಷ್ಟ್ ವರ್ಷ ಕೂತೋಳ್ಗೆ ಇನ್ ಮೂರ್ ದಿನ ಹೆಚ್ಚಾ? ಕೂತ್ರೆ ಸರಿ. ಇಲ್ಲಾಂದ್ರೆ..."

"ಪೂರ್ತಿ ಹೇಳು ಅಣ್ಣಾ."

"ಇಲ್ಲಾಂದ್ರೆ ನಿನ್ ದಾರಿ ನೀನ್ ನೋಡ್ಕೊ."

ಅದು ಪಂಕಜಾ ಹುಟ್ಟಿದ ಮನೆ. ಅವಳಿಗೆ ಬೇರೆ ಮನೆ ಅಂತ ಇರಲಿಲ್ಲ. ಮೂರು ದಿನ ಬಾಯಿ ಮುಚ್ಚಿಕೊಂಡು ಕೂತರೆ ಎಲ್ಲ ಮೊದಲಿನ ಹಾಗೇ ಇರುತ್ತಿತ್ತು.

ಅವಳು ಎದ್ದು ಹಿತ್ತಲ ಕೋಣೆಗೆ ನಡೆದಳು. ಗೂಡಿನಲ್ಲಿ ಸುತ್ತಿಟ್ಟಿದ್ದ ಹಳೇ ಚಾಪೆ ಎತ್ತಿಕೊಂಡಳು. ನಾಗಲಕ್ಷ್ಮಮ್ಮ "ಸದ್ಯ, ಬುದ್ಧಿ ಬಂತು" ಅಂದುಕೊಂಡಳು.

ಎಲ್ಲಿ ಬಂತು? ಪಂಕಜಾ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಮನೆಯೊಳಕ್ಕೇ ಬಂದಳು! ಅಡುಗೆಮನೆ ದಾಟಿ, ದೇವರ ಕೋಣೆಯ ಬಾಗಿಲು ದಾಟಿ, ನಡುಮನೆ ದಾಟಿ... ಜನ್ಮದಲ್ಲಿ ಹೊಸ್ತಿಲು ಕಾಣದ ಆ ಚಾಪೆ ಮುಂಬಾಗಿಲಿನಿಂದ ಆಚೆ ಬಂತು. ಗಂಡಸರು ಕೂತು ಪಂಚಾಯ್ತಿ ಮಾಡುವ ಜಗಲಿಯ ಮೇಲೆ ಅದನ್ನು ಹಾಸಿದಳು. ಒಳಗೆ ಹೋಗಿ ಬೇರು ಕುದಿಸಿದ ಹಾಲಿನ ಲೋಟ ತಂದು, ಎಲ್ಲರಿಗೂ ಕಾಣುವ ಹಾಗೆ ಕಾಲು ಮಡಚಿ ಕೂತಳು.

"ಕೂತ್ಕೋ ಅಂದ್ಯಲ್ಲ ಅಣ್ಣಾ. ಕೂತಿದೀನಿ."

"ಅಮ್ಮೀ! ಮಾನ ಕಳೀಬ್ಯಾಡ, ಒಳಗ್ ಬಾ!"

"ಬರಲ್ಲ. ಯಾರೂ ಕೇಳ್ದೆ ನಾನಾಗೇ ಏನೂ ಹೇಳಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಾನು. ಅನುಮಾನ ಇದ್ದೋರು ಎದುರಿಗೆ ಬಂದು ಕೇಳ್ಲಿ!"

ಯಾರೂ ಕೇಳಲಿಲ್ಲ. ಆದರೆ ಎಲ್ಲರೂ ಬಂದರು. ಹಿತ್ತಲ ನಲ್ಲಿಯಲ್ಲಿ ಕೊಡ ತುಂಬಿ ಹರಿಯುತ್ತಿತ್ತು, ನೀರು ಹಿಡಿಯುವವರೆಲ್ಲ ಮುಂಬಾಗಿಲಲ್ಲಿ.

ಅಷ್ಟರಲ್ಲಿ ಬಂತು ನೋಡಿ, ಆನೇಕಲ್ ಮೆಟಡೋರ್!

ಶ್ಯಾಮಣ್ಣ ಇಳಿದ. ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಹೂವು, ತೆಂಗಿನಕಾಯಿ, ಹಸಿರು ಸೀರೆ. ಯಾವಾಗಿನಂತೆ ಮುತ್ತುಗದ ಎಲೆಯ ಪೊಟ್ಟಣವೂ ಒಂದು. ಪಂಕಜಾ ಚಾಪೆಯ ಮೇಲೆ ನೆಟ್ಟಗೆ ಕೂತಳು. 'ಬಂದರಲ್ಲಾ... ದೂರ ಸರಿಯಲಿಲ್ಲವಲ್ಲಾ!'

ಅವನು ನೇರ ಗೋಪಾಲಪ್ಪನ ಮುಂದೆ ನಿಂತು ಕೈ ಮುಗಿದ.

"ಆನೇಕಲ್ ಶ್ಯಾಮಣ್ಣ ಅಂತ, ನಾನೇ. ಇವ್ರನ್ನ ಯಾರೂ ಏನೂ ಅನ್ಬ್ಯಾಡಿ ಸ್ವಾಮಿ. ತಪ್ಪೆಲ್ಲ ನಂದು. ಆ ಮಗು... ಆ ಮಗು ನಂದು. ಇವ್ರನ್ನ ಮದ್ವೆ ಆಯ್ತೀನಿ."

ಪಂಕಜಾ ಕೈಯ ಲೋಟವನ್ನು ಜಗಲಿಗೆ ಕುಕ್ಕಿದಳು.

"ಯಾವ ಮಗು ರೀ?"

"ಮೇಡಂ, ಹೆದರ್ಬ್ಯಾಡಿ. ನಾನ್ ಇದೀನಿ..."

"ಕೇಳಿದ್ದಕ್ಕೆ ಉತ್ತರ ಹೇಳ್ರಿ! ಯಾವ ಮಗು?"

ಅವಳು ಎದ್ದು ನಿಂತಳು. ಮುಖ ಕೆಂಪಗೆ ಉರಿಯುತ್ತಿತ್ತು. ಅದು ವಯಸ್ಸಿನ ಉರಿಯಲ್ಲ, ಅಪ್ಪಟ ಸಿಟ್ಟು.

"ಎಲ್ಲರೂ ಕೇಳಿಸ್ಕೊಳ್ಳಿ! ನನ್ನ ಹೊಟ್ಟೇಲಿ ಯಾವ ಮಗೂನೂ ಇಲ್ಲ. ನನಗೆ ಮುಟ್ಟು ನಿಂತಿದೆ. ನಿಲ್ಲೋ ವಯಸ್ಸು, ನಿಂತಿದೆ! ಮೈ ಉರಿಯುತ್ತೆ, ನಿದ್ದೆ ಬರಲ್ಲ, ಅದಕ್ಕೆ ಈ ಬೇರು ಕುಡೀತೀನಿ. ನಾನು ಕಳ್ಳತನ ಮಾಡಿಲ್ಲ, ಕೊಲೆ ಮಾಡಿಲ್ಲ. ಇಲ್ಲೇ ಕೂತು ಕುಡೀತೀನಿ. ನಾಚಿಕೆ ಆಗೋರು ಕಣ್ಣು ಮುಚ್ಕೊಳ್ಳಿ! ಈ ಚಾಪೆ ಮೇಲೆ ನಿಜಕ್ಕೆ ಕೂತಿದ್ದು ಸಾಕಾಗಿದೆ, ಇನ್ನು ಸುಳ್ಳಿಗೆ ಬೇರೆ ಕೂರಲ್ಲ!"

ಹೇಳಿ ಮುಗಿಸಿ ಶ್ಯಾಮಣ್ಣನ ಕಡೆಗೆ ತಿರುಗಿದಳು. ದನಿ ಒಡೆಯಿತು.

"ಊರು ನಂಬಿದ್ದು ಬಿಡಿ. ನೀವೂ ನಂಬಿದ್ರಾ? ನೀವು?"

ಶ್ಯಾಮಣ್ಣ ಒಂದು ಹೆಜ್ಜೆ ಮುಂದೆ ಇಟ್ಟ.

"ಹೋಗಿ. ತಟ್ಟೆ ತಗೊಂಡು ಹೋಗಿ!"

ಅವನು ತಲೆ ತಗ್ಗಿಸಿದ. ಮುತ್ತುಗದ ಎಲೆಯ ಪೊಟ್ಟಣವನ್ನು ಮಾತ್ರ ಜಗಲಿಯ ಅಂಚಿಗೆ ಇಟ್ಟು, ಮೆಟಡೋರ್ ಹತ್ತಿ ಹೊರಟುಹೋದ.

ಜನ ಕದಲಲಿಲ್ಲ. ಆಮೇಲೆ ವಠಾರದ ಕೊನೇ ಮನೆಯ ಅಂಜಿನಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಮುಂದೆ ಬಂದಳು.

"ಪಂಕಜಮ್ಮಾ... ಆ ಬೇರು ನಂಗೂ ಒಸಿ ಕೊಡ್ತೀಯಾ? ನಂಗೂ ಇಂಗೇ ಆಯ್ತೈತೆ. ಯಾರ್ಗ್ ಹೇಳ್ಲಿ ಅಂತ ಸುಮ್ಕಿದ್ದೆ."

ಒಳಗಿನಿಂದ ಸುಗುಣ ಬಂದಳು, ಹತ್ತೊಂಬತ್ತರ ಹುಡುಗಿ. ಅಪ್ಪನ ಮುಖವನ್ನೂ ನೋಡಲಿಲ್ಲ, ಅಮ್ಮನ ಮುಖವನ್ನೂ ನೋಡಲಿಲ್ಲ. ಬಂದು ಅತ್ತೆಯ ಪಕ್ಕದಲ್ಲಿ ಅದೇ ಚಾಪೆಯ ಮೇಲೆ ಕೂತಳು.

*

ಆವತ್ತು ದೀಪ ಹಚ್ಚುವ ಹೊತ್ತಿಗೆ ಪಂಕಜಾ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಬಾಗಿಲಲ್ಲಿ ನಾಗಲಕ್ಷ್ಮಮ್ಮ ಬಂದು ನಿಂತಳು. ಕೈಯಲ್ಲಿ ಖಾಲಿ ಲೋಟ.

"ನಂದೂ ನಿಂತೈತೆ."

ಪಂಕಜಾ ತಿರುಗಿ ನೋಡಿದಳು.

"ಸಂಕ್ರಾಂತಿಯಿಂದ. ಪ್ರತಿ ತಿಂಗ್ಳೂ ಸುಮ್ ಸುಮ್ನೆ ಹಿತ್ತಲಾಗೆ ಹೋಗಿ ಕೂತ್ಕಂಡ್ ಬತ್ತಾವ್ನಿ. ನಿಮ್ಮಣ್ಣಂಗೂ ಗೊತ್ತಿಲ್ಲ. ಮುದುಕಿ ಅಂದ್ಬಿಟ್ರೆ ಅಂತ ಭಯ ಕಣಮ್ಮಿ..." ಸೆರಗು ಬಾಯಿಗೆ ಹೋಯಿತು. "ನಿಂಗೂ ಅದನ್ನೇ ಮಾಡು ಅಂದೆ. ನಂಗೆ ಬ್ಯಾರೆ ಗೊತ್ತಿರ್ಲಿಲ್ಲ."

ಎಂಥ ಸಿಟ್ಟು ಇದ್ದರೂ ಈ ಮಾತಿನ ಮುಂದೆ ನಿಲ್ಲುತ್ತದೆಯೇ? ಪಂಕಜಾ ಅತ್ತಿಗೆಯ ಕೈಯ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಇಬ್ಬರಿಗೂ ಆಗುವಷ್ಟು ಹಾಲು ಒಲೆ ಮೇಲಿಟ್ಟಳು. ಟ್ರಂಕು ಅರ್ಧ ತುಂಬಿದ್ದು ಹಾಗೇ ಉಳಿಯಿತು. ಗೋಪಾಲಪ್ಪ ಮಾತು ಬಿಟ್ಟಿದ್ದ, ಆದರೆ ಹೋಗು ಅಂತ ಇನ್ನೊಂದು ಸಲ ಹೇಳಲಿಲ್ಲ.

ಶುಕ್ರವಾರ ಬೊಮ್ಮನಹಳ್ಳಿಯವರು ಬಂದರು. ಉಪ್ಪಿಟ್ಟು ತಿಂದಾದ ಮೇಲೆ ಹುಡುಗನ ಅಪ್ಪ ಚಿಕ್ಕಬೈರಪ್ಪ ಮೀಸೆ ಒರೆಸಿಕೊಂಡು, "ಈ ಮನೆ ಬಗ್ಗೆ ಏನೋ ಮಾತು ಕೇಳ್ಬಂತು..." ಅಂದ.

ಗೋಪಾಲಪ್ಪ ನೆಲ ನೋಡಿದ. ನಾಗಲಕ್ಷ್ಮಮ್ಮ ಮಾತ್ರ ಬಾಗಿಲ ಮರೆಯಿಂದ ಈಚೆಗೇ ಬಂದಳು!

"ಮಾತು ಕೇಳಕ್ ಬಂದೀರೋ, ಹೆಣ್ ಕೇಳಕ್ ಬಂದೀರೋ? ಮಾತು ಬೇಕಿದ್ರೆ ನಲ್ಲಿ ತಾವ ಸಿಕ್ತದೆ. ನಮ್ ನಾದ್ನಿ ಚಿನ್ನ."

ಚಿಕ್ಕಬೈರಪ್ಪನ ಹೆಂಡತಿ ಕೈಯ ಬೀಸಣಿಗೆ ನಿಲ್ಲಿಸಿ ಗಂಡನನ್ನು ದುರುಗುಟ್ಟಿ ನೋಡಿದಳು. ಅವಳ ಹಣೆಯೂ ಬೆವರಿತ್ತು. ಅಲ್ಲಿಗೆ ಆ ಮಾತು ಮುಗಿಯಿತು, ಹೆಣ್ಣು ಒಪ್ಪಿಗೆಯಾಯಿತು.

ಅವರನ್ನು ಕಳಿಸಿದ ಮೇಲೆ ಪಂಕಜಾ ಜಗಲಿಯಲ್ಲಿ ಕೂತು ಶ್ಯಾಮಣ್ಣ ಬಿಟ್ಟುಹೋದ ಪೊಟ್ಟಣ ಬಿಚ್ಚಿದಳು. ಸುಗುಣ ಪಕ್ಕದಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

"ಅತ್ತೆ, ಒಂದು ಕೇಳ್ತೀನಿ ಬೈಬೇಡ. ಊರಿಗೆ ಗೊತ್ತಿರ್ಲಿಲ್ಲ ಸರಿ. ಮಗು ಅವರದ್ದಲ್ಲ ಅಂತ ಅವರಿಗಾದ್ರೂ ಗೊತ್ತಿತ್ತಲ್ವಾ?"

ಪಂಕಜಳ ಕೈ ನಿಂತಿತು.

ಅವನು ಅವಳ ಬೆರಳ ತುದಿಯನ್ನೂ ಮುಟ್ಟಿರಲಿಲ್ಲ. ಬೇರೆ ಯಾರದ್ದೋ ಮಗು ಅಂತ ತಿಳಿದೇ ಬಂದಿದ್ದ. ಅಷ್ಟು ಜನರ ಎದುರಿಗೆ, ಯಾರದ್ದೋ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು...

'ಅಯ್ಯೋ ದೇವರೇ... ನಾನು ಹೋಗಿ ಅಂದೆನಲ್ಲ!'

*

ಮಂಗಳವಾರ ಮೆಟಡೋರ್ ಬಂತು. ಶ್ಯಾಮಣ್ಣ ತಲೆ ಎತ್ತದೆ ಮೂಟೆ ಇಳಿಸಿದ. ಪಂಕಜಾ ಒಂದು ಬೇರು ಮುರಿದು ನೋಡಿ, "ಒಳಗೆ ತಗೊಳ್ಳಿ" ಅಂತ ಆಳುಗಳಿಗೆ ಹೇಳಿದಳು. ಆಮೇಲೆ ಹುಣಸೆ ಮರದ ಕಡೆಗೆ ನಡೆದಳು. ಅವನೂ ಹಿಂದೆ ಬಂದ.

"ತಪ್ಪಾಯ್ತು ಮೇಡಂ," ಅಂದ ನೆಲ ನೋಡುತ್ತಾ. "ನೀವು ಹೂಂ ಅಂದಿದ್ರಿ... ಆಮೇಲೊಂದಿನ ವಾಪಸ್ ಹೋಗೋವಾಗ ಗೇಟಲ್ಲಿ ಮಾತು ಕೇಳ್ದೆ. ಎರಡೂ ಸೇರ್ಸಿ ನಂಬ್ಬಿಟ್ಟೆ. ನಿಮ್ಮನ್ನೇ ಕೇಳ್ಬೇಕಿತ್ತು."

"ಹೌದು, ಕೇಳ್ಬೇಕಿತ್ತು. ನಾನೂ ಆವತ್ತೇ ನಿಜ ಹೇಳ್ಬೇಕಿತ್ತು." ಪಂಕಜಾ ಉಸಿರು ಎಳೆದುಕೊಂಡಳು. "ಯಾರದ್ದು ಮಗು ಅಂದ್ಕೊಂಡ್ರಿ?"

"ಅದನ್ನ ಯೋಚ್ನೆ ಮಾಡ್ಲಿಲ್ಲ."

"ಯಾಕೆ?"

"ಯಾರದ್ದಾದ್ರೇನು? ಅವ್ವ ನೀವಲ್ವಾ."

ಪಂಕಜಾ ಹುಣಸೆ ಮರಕ್ಕೆ ಒರಗಿಕೊಂಡಳು.

"ಮತ್ತೆ ಎರಡು ವಾರ ಎಲ್ಲಿ ಹೋಗಿದ್ರಿ? ಓಡಿಹೋದ್ರಿ ಅಂದ್ಕೊಂಡೆ ನಾನು!"

"ಮಾಲೂರಿಗೋಗಿದ್ದೆ. ಮಗಳನ್ನ ಒಂದ್ ಮಾತು ಕೇಳ್ಬೇಕಲ್ಲ? ಕರ್ಕೊಂಡ್ ಬಾ ಅಪ್ಪಾ ಅಂದ್ಲು. ಆಮ್ಯಾಕೆ ಮನೇಗ್ ಸುಣ್ಣ ಹೊಡಿಸ್ದೆ. ಅಟ್ಟದಿಂದ..." ಅವನು ತಡವರಿಸಿದ. "ಅಟ್ಟದಿಂದ ತೊಟ್ಟಿಲು ಇಳ್ಸಿ, ತೊಳ್ದು, ಎಣ್ಣೆ ಹಚ್ಚಿಟ್ಟೆ."

ಪಂಕಜಾ ನಕ್ಕಳು. ನಗುತ್ತಾ ನಗುತ್ತಾ ಕಣ್ಣಿಂದ ನೀರು ಸುರಿಯಿತು. ಒರೆಸಿಕೊಳ್ಳಲಿಲ್ಲ.

"ನೋಡಿ, ಸರಿಯಾಗಿ ಕೇಳಿಸ್ಕೊಳ್ಳಿ. ನನ್ನ ಕಾಪಾಡೋಕೆ ಅಂತ ಯಾರೂ ಬರೋದು ಬೇಡ. ನನ್ನ ನಾನೇ ಕಾಪಾಡ್ಕೋತೀನಿ. ನಿಮ್ಮನೇಗೆ ಬಂದ್ರೂ ಕೆಲಸ ಬಿಡಲ್ಲ. ಮಗು ಇಲ್ಲ, ಇನ್ನು ಆಗೋದೂ ಇಲ್ಲ. ನನ್ನ ಜೊತೆ ಬರೋದು ಈ ಬೆವರು, ಈ ಸಿಟ್ಟು, ನಿದ್ದೆ ಇಲ್ಲದ ರಾತ್ರಿ. ಅದರ ಜೊತೆ ಬದುಕೋಕೆ ಆಗುತ್ತಾ?"

"ಆಯ್ತದೆ."

"ಹಿತ್ತಲ ಕೋಣೆ ಇದೆಯಾ ನಿಮ್ಮನೇಲಿ?"

"ಐತೆ. ಅದ್ರಾಗೆ ದನ ಕಟ್ತೀನಿ."

"ಮತ್ತೆ ತೊಟ್ಟಿಲು?"

ಶ್ಯಾಮಣ್ಣ ಸ್ವಲ್ಪ ಯೋಚಿಸಿದ. "ಬೇರು ಒಣಗ್ಸಕ್ ಆಯ್ತದೆ."

ಅಷ್ಟರಲ್ಲಿ ಅದು ಬಂತು. ಹೇಳದೆ ಕೇಳದೆ, ಎಂದಿನಂತೆ! ಎದೆ, ಕತ್ತು, ಕೆನ್ನೆ, ನೆತ್ತಿ. ಪಂಕಜಾ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಈ ಸಲ ಮಾತ್ರ 'ಇವನ ಎದುರಿಗೆ ಬೇಡ' ಅಂತ ಅನ್ನಿಸಲಿಲ್ಲ.

ಕಣ್ಣು ಬಿಟ್ಟರೆ ಶ್ಯಾಮಣ್ಣ ಎದುರಿಗೆ, ಎರಡೂ ಕೈಯಲ್ಲಿ ನೀರಿನ ಕೊಡ. ಅಂಗಳದ ಹೆಂಗಸರು ಬೇರು ಬಿಟ್ಟು ಇವರನ್ನೇ ನೋಡುತ್ತಿದ್ದರು. ಭದ್ರಮ್ಮ ಎಲೆ-ಅಡಿಕೆ ಅಗಿಯುವುದನ್ನೂ ನಿಲ್ಲಿಸಿದ್ದಳು.

"ಸುರೀಲಾ ಮೇಡಂ?"

"ಮೇಡಂ ಅನ್ನೋರ ಕೈಲಿ ಸುರಿಸ್ಕೊಳ್ಳಲ್ಲ."

"ಮತ್ತೇನ್ ಅನ್ಲಿ?"

"ನನಗೊಂದು ಹೆಸರಿದೆ."

ಅವನ ಕಿವಿ ಕೆಂಪಾಯಿತು. ಸುತ್ತ ಒಮ್ಮೆ ನೋಡಿ, ಅಷ್ಟೂ ಜನಕ್ಕೆ ಕೇಳಿಸುವ ಹಾಗೆ ಅಂದ,

"ಪಂಕಜಾ... ಸುರೀಲಾ?"

"ಸುರೀರಿ!"